ಕದನ ವಿರಾಮ ಎಂಬ ಸೋಮಾರಿ ಪದ

2025ರ ಮೇ 10, ಶನಿವಾರ. ಸಂಜೆ ಹೊತ್ತು ಹರವೆಯ ನಮ್ಮ ಬೀದಿಯಲ್ಲಿ ಟೀವಿ ಇದ್ದ ಮನೆಗಳೆಲ್ಲ ಒಂದೇ ಸದ್ದು ಮಾಡುತ್ತಿದ್ದವು. ಮೂರು ನಾಲ್ಕು ದಿನದಿಂದ ಸೈರನ್ನು, ಕ್ಷಿಪಣಿ, ಡ್ರೋನು ಎಂದು ಕೂಗುತ್ತಿದ್ದ ಪರದೆಯ ಮೇಲೆ ಈಗ ದಪ್ಪಕ್ಷರದಲ್ಲಿ ಎರಡೇ ಪದ: ಕದನ ವಿರಾಮ. ನಮ್ಮ ಎದುರು ಮನೆಯ ದೊಡ್ಡವ್ವನ ಮೊಮ್ಮಗ ಸೈನ್ಯದಲ್ಲಿದ್ದಾನೆ. ಎಲ್ಲಿದ್ದಾನೆ ಎಂದು ಆ ವಾರ ಅವನೂ ಹೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ದೊಡ್ಡವ್ವ ನನ್ನನ್ನು ಕರೆದು ಕೇಳಿದರು.

“ಏನ್ ಮೊಗ, ಜಗಳ ನಿಂತೋಯ್ತಾ? ಇಲ್ಲ, ಉಸ್ರು ತಕ್ಕತಾವ್ರಾ?”

“ಕದನ ವಿರಾಮ ಅಂತೆ ದೊಡ್ಡವ್ವ” ಎಂದೆ.

“ಅದ ಟೀವೀಲೂ ಅಂದ್ರು ಕನ. ನಿಂತದೋ ಇಲ್ವೋ, ಅದ ಹೇಳು ನೀನು.”

ನನಗೆ ಹೇಳಲಾಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಪದದ ಅರ್ಥ ಕೇಳಿದರೆ ಹೇಳುವುದೇ ನನ್ನ ಹೊಟ್ಟೆಪಾಡು. ಆದರೂ ಅಕ್ಷರ ಕಲಿಯದ ಆ ಮುದುಕಿ ಕೇಳಿದ ನೇರ ಪ್ರಶ್ನೆಗೆ ನನ್ನ ಬಳಿ ಇದ್ದ ಪದದಲ್ಲಿ ಉತ್ತರವಿರಲಿಲ್ಲ. ಕೆಲವು ಗಂಟೆ ಕಳೆಯುವಷ್ಟರಲ್ಲಿ ಅದೇ ಪರದೆಯ ಮೇಲೆ ‘ಕದನ ವಿರಾಮ ಉಲ್ಲಂಘನೆ’ ಎಂದು ಬಂತು. ನಿಂತಿದ್ದು ಎಂದರೆ ಏನು ನಿಂತಿತ್ತು, ಮುರಿದಿದ್ದು ಎಂದರೆ ಏನು ಮುರಿಯಿತು, ಎರಡೂ ಗೊತ್ತಾಗಲಿಲ್ಲ.

ನನ್ನ ತಕರಾರು ಇಷ್ಟೇ. ಕನ್ನಡದ ಪತ್ರಿಕೆ, ಟೀವಿ, ಕಡೆಗೆ ನಮ್ಮಂಥ ಮೇಷ್ಟ್ರುಗಳು ಕೂಡ ಯುದ್ಧ ನಿಲ್ಲುವ ಹತ್ತು ಬಗೆಗೂ ‘ಕದನ ವಿರಾಮ’ ಎಂಬ ಒಂದೇ ಪದವನ್ನು ಅಂಟಿಸುತ್ತಿದ್ದೇವೆ. ಈ ಸೋಮಾರಿತನ ಬರೀ ಭಾಷೆಯದ್ದಲ್ಲ. ಯಾರು ನಿಲ್ಲಿಸಿದರು, ಎಲ್ಲಿ ನಿಲ್ಲಿಸಿದರು, ಎಷ್ಟು ದಿನಕ್ಕೆ, ಯಾವ ಷರತ್ತಿಗೆ, ಯಾರ ಖರ್ಚಿನಲ್ಲಿ ಎಂಬ ಪ್ರಶ್ನೆಗಳನ್ನು ಈ ಪದ ಕೇಳಗೊಡುವುದಿಲ್ಲ. ಕೇಳದೆ ಹೋದರೆ ಅದರ ಬೆಲೆ ತೆರುವವರು ಪದ ಬಳಸುವ ನಾವಲ್ಲ.

ಆ ಶನಿವಾರವನ್ನೇ ತೆಗೆದುಕೊಳ್ಳಿ. ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅವರು ಓದಿದ ಹೇಳಿಕೆ ಬಹಳ ಚಿಕ್ಕದು. ಎರಡೂ ದೇಶಗಳ ಸೇನಾ ಕಾರ್ಯಾಚರಣೆಯ ಮಹಾನಿರ್ದೇಶಕರು ಮಧ್ಯಾಹ್ನ 3.35ಕ್ಕೆ ಫೋನಿನಲ್ಲಿ ಮಾತಾಡಿದ್ದಾರೆ. ಸಂಜೆ 5ರಿಂದ ನೆಲ, ಆಕಾಶ, ಸಮುದ್ರ ಮೂರರಲ್ಲೂ ಗುಂಡಿನ ದಾಳಿಯನ್ನೂ ಸೇನಾ ಕ್ರಮವನ್ನೂ ನಿಲ್ಲಿಸಲು ಒಪ್ಪಿದ್ದಾರೆ. 12ರಂದು ಮತ್ತೆ ಮಾತಾಡುತ್ತಾರೆ. ಯಾರು, ಎಲ್ಲಿ, ಯಾವಾಗಿನಿಂದ, ಮುಂದೇನು ಎಂಬ ನಾಲ್ಕೂ ಅದರಲ್ಲಿ ಇದ್ದವು. ಇಲ್ಲದ್ದು ‘ಸೀಸ್‌ಫೈರ್’ ಎಂಬ ಪದ. ಆ ಪದ ಬಂದದ್ದು ಅದಕ್ಕೂ ಸ್ವಲ್ಪ ಮೊದಲು, ಅಮೆರಿಕದ ಅಧ್ಯಕ್ಷರು ತಮ್ಮ ಜಾಲತಾಣದ ಖಾತೆಯಲ್ಲಿ ‘ಸಂಪೂರ್ಣ, ತಕ್ಷಣದ’ ಎಂಬ ವಿಶೇಷಣಗಳ ಸಮೇತ ಅದನ್ನು ಘೋಷಿಸಿದಾಗ. ದೆಹಲಿ ಬಳಸಿದ್ದು ‘ಅಂಡರ್‌ಸ್ಟ್ಯಾಂಡಿಂಗ್’ ಎಂಬ ಪದ, ಅಂದರೆ ಪರಸ್ಪರ ತಿಳಿವಳಿಕೆ. ಎರಡು ದಿನ ಕಳೆದು ಪ್ರಧಾನಿಯವರು ದೇಶವನ್ನುದ್ದೇಶಿಸಿ ಮಾತಾಡುತ್ತ ಕಾರ್ಯಾಚರಣೆಯನ್ನು ಸದ್ಯಕ್ಕೆ ಸ್ಥಗಿತ ಮಾಡಿದ್ದೇವೆ, ಅಷ್ಟೇ ಎಂದರು.

ವಾಷಿಂಗ್ಟನ್ ಪ್ರಕಾರ ಯುದ್ಧ ಪೂರ್ತಿ ನಿಂತಿತ್ತು. ವಿದೇಶಾಂಗ ಇಲಾಖೆಯ ಪ್ರಕಾರ ಗುಂಡು ನಿಲ್ಲಿಸುವ ಬಗ್ಗೆ ತಿಳಿವಳಿಕೆಯೊಂದು ಮೂಡಿತ್ತು. ಪ್ರಧಾನಿಯ ಪ್ರಕಾರ ಕೆಲಸ ಅರ್ಧಕ್ಕೆ ತಡೆದಿತ್ತು. ಇವು ಮೂರು ಬೇರೆ ಬೇರೆ ನಿಲುವುಗಳು. ಆ ದಿನಗಳ ರಾಜಕಾರಣವೆಲ್ಲ ಇವುಗಳ ನಡುವಿನ ಅಂತರದಲ್ಲೇ ಇತ್ತು. ನಮ್ಮ ‘ಕದನ ವಿರಾಮ’ ಮೂರನ್ನೂ ಒಂದೇ ತುತ್ತಿಗೆ ನುಂಗಿತು. ದೆಹಲಿಯ ಮಾತು ಸರಿ, ಅಮೆರಿಕದ ಮಾತು ತಪ್ಪು ಎಂಬುದು ನನ್ನ ವಾದವಲ್ಲ. ಅಂತರವಿತ್ತು ಎಂಬುದಾದರೂ ಕನ್ನಡದ ಓದುಗನಿಗೆ ತಿಳಿಯಬೇಕಿತ್ತು ಎಂಬುದಷ್ಟೇ ನನ್ನ ವಾದ.

ಪದವನ್ನೇ ಬಿಡಿಸಿ ನೋಡೋಣ. ‘ಕದನ’ ಎಂಬುದಕ್ಕೆ ಸಂಸ್ಕೃತದಲ್ಲಿ ಕೊಲ್ಲುವುದು, ನಾಶ ಎಂಬ ಅರ್ಥ. ಕನ್ನಡಕ್ಕೆ ಬಂದು ಅದು ಯುದ್ಧವಾಯಿತು. ಈಗ ಯುದ್ಧದ ಕಾವನ್ನೂ ಕಳೆದುಕೊಂಡು ಎಲ್ಲೆಂದರಲ್ಲಿ ಬೀಳುತ್ತಿದೆ. ಉಪಚುನಾವಣೆ ಕದನ, ಕ್ರಿಕೆಟ್ ಕದನ, ಒಂದೇ ಪಕ್ಷದ ಇಬ್ಬರು ನಾಯಕರ ಕುರ್ಚಿ ಕದನ. ಆ ಇಬ್ಬರು ಒಂದು ಬೆಳಿಗ್ಗೆ ಒಟ್ಟಿಗೆ ಕೂತು ಇಡ್ಲಿ ತಿಂದರೆ ಮರುದಿನದ ತಲೆಬರಹ ‘ಕದನ ವಿರಾಮ’. ಅದೇ ಪುಟದ ಕೆಳಗೆ ಗಾಜಾದ ಸುದ್ದಿ, ಅದಕ್ಕೂ ‘ಕದನ ವಿರಾಮ’. ಇಡ್ಲಿಗೂ ಹೆಣಕ್ಕೂ ಒಂದೇ ಪದ ಸಾಕೆಂದ ಮೇಲೆ ಆ ಪದದಿಂದ ಯಾರಿಗೂ ಏನೂ ತಟ್ಟುವುದಿಲ್ಲ.

ಇನ್ನು ‘ವಿರಾಮ’. ಇದು ಇನ್ನೂ ತೊಡಕಿನದ್ದು. ಇದರ ಮೂಲ ಅರ್ಥದಲ್ಲಿ ನಿಲ್ಲುವುದು, ಕೊನೆಗೊಳ್ಳುವುದು ಎರಡೂ ಇವೆ. ಕನ್ನಡಿಗರು ನಿತ್ಯ ಕೇಳುವ ವಿರಾಮಗಳು ಯಾವುವು? ಸಿನಿಮಾ ಅರ್ಧಕ್ಕೆ ಬಂದಾಗ ಪರದೆ ಮೇಲೆ ಬರುವ ‘ವಿರಾಮ’: ಎದ್ದು ಹೋಗಿ ಕಡಲೆಕಾಯಿ ತಗೊಂಡು ಬನ್ನಿ, ಹೊಡೆದಾಟ ಇನ್ನೂ ಬಾಕಿ ಇದೆ. ಟೀವಿ ನಿರೂಪಕರ ‘ಒಂದು ಸಣ್ಣ ವಿರಾಮ’: ಜಾಹೀರಾತು ನೋಡಿ. ಶಾಲೆಯ ವಿರಾಮದ ವೇಳೆ: ಗಂಟೆ ಹೊಡೆದರೆ ಮತ್ತೆ ಒಳಗೆ. ಮೂರರಲ್ಲೂ ವಿರಾಮದ ಆಚೆಗೆ ಅದೇ ಕೆಲಸ ಮುಂದುವರಿಯುತ್ತದೆ. ಇದು ಬಿಟ್ಟರೆ ವಿರಾಮ ಎಂದರೆ ವಿಶ್ರಾಂತಿ.

ಕಳೆದ ವರ್ಷ ಲೇಖನ ಚಿಹ್ನೆಗಳ ಪಾಠ ಮಾಡುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಕದನ ವಿರಾಮ ಅಂದ್ರೆ ಅಲ್ಪವಿರಾಮನಾ, ಅರ್ಧವಿರಾಮನಾ, ಪೂರ್ಣವಿರಾಮನಾ?” ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗುವಂಥದ್ದೇನೂ ಅದರಲ್ಲಿ ಇಲ್ಲ ಅನ್ನಿಸಿತು. ದೊಡ್ಡವ್ವ ಕೇಳಿದ್ದನ್ನೇ ಹುಡುಗಿ ವ್ಯಾಕರಣದ ಮಾತಿನಲ್ಲಿ ಕೇಳಿದ್ದಳು. ಅಲ್ಪವಿರಾಮದ ಮುಂದೆ ವಾಕ್ಯ ನಡೆಯುತ್ತದೆ. ಪೂರ್ಣವಿರಾಮದ ಮುಂದೆ ಹೊಸ ವಾಕ್ಯ ಬೇಕು. ಯಾವ ವಿರಾಮ ಎಂದು ಹೇಳದ ಬರಹಗಾರನಿಗೆ ನಾನು ಅಂಕ ಕಳೆಯುತ್ತೇನೆ. ಪತ್ರಿಕೆಗೆ ಯಾಕೆ ಕಳೆಯಬಾರದು?

ಯುದ್ಧ ನಿಲ್ಲುವ ಬಗೆಗಳು ನಿಜಕ್ಕೂ ಅಷ್ಟು ಬೇರೆಯೇ ಎನ್ನುವವರಿಗೆ ನಮ್ಮ ಕನ್ನಡ ನೆಲದ್ದೇ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಟಿಪ್ಪುವಿನ ಕಾಲದವು.

ಮೊದಲನೆಯದು ಮಂಗಳೂರು. 1783ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್ಲನ ಕೈಕೆಳಗಿನ ಇಂಗ್ಲಿಷ್ ಪಡೆ ಕೋಟೆಯೊಳಗಿತ್ತು, ಟಿಪ್ಪುವಿನ ಸೈನ್ಯ ಹೊರಗಿತ್ತು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುರೋಪಿನಲ್ಲಿ ರಾಜಿಯಾದ ಸುದ್ದಿ ಬಂದು ಟಿಪ್ಪುವಿನ ಜತೆಗಿದ್ದ ಫ್ರೆಂಚರು ಕೈಬಿಟ್ಟರು. ಆಗಸ್ಟ್ 2ರಂದು ಎರಡೂ ಕಡೆ ಗುಂಡು ನಿಲ್ಲಿಸುವ ಒಪ್ಪಂದವಾಯಿತು. ಕೋಟೆಯೊಳಗಿನವರಿಗೆ ದಿನಸಿ ಕೊಳ್ಳಲು ಬಿಡಬೇಕೆಂಬುದು ಅದರ ಒಂದು ಷರತ್ತು. ಗುಂಡು ನಿಂತಿತು, ಮುತ್ತಿಗೆ ನಿಲ್ಲಲಿಲ್ಲ. ದಿನಸಿ ಒಳಗೆ ಹೋಗಬೇಕಾದಷ್ಟು ಹೋಗಲಿಲ್ಲ. ಒಳಗಿದ್ದ ಸಿಪಾಯಿಗಳು ಹಸಿವಿನಿಂದ, ವಸಡು ಕೊಳೆಯುವ ಸ್ಕರ್ವಿ ರೋಗದಿಂದ ತಿಂಗಳುಗಟ್ಟಲೆ ಸತ್ತರು. 1784ರ ಜನವರಿ ಕೊನೆಗೆ ಕ್ಯಾಂಪ್‌ಬೆಲ್ಲ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದವಾಯಿತು. ಮಾತು ತಪ್ಪಿದ್ದು ಟಿಪ್ಪು ಎಂದು ಇಂಗ್ಲಿಷರ ಬರಹಗಳು ದೂರುತ್ತವೆ. ಆ ತಗಾದೆ ಹಾಗಿರಲಿ. ನಾನು ಎತ್ತಿ ತೋರಿಸುವುದು ಇಷ್ಟು: ಆರು ತಿಂಗಳು ಗುಂಡು ನಿಂತಿತ್ತು, ಕೊಲ್ಲುವುದು ನಿಂತಿರಲಿಲ್ಲ. ಇವತ್ತಿನ ತಲೆಬರಹದ ಕನ್ನಡದಲ್ಲಿ ಆ ಆರು ತಿಂಗಳಿಗೂ ‘ಕದನ ವಿರಾಮ’ ಎಂದೇ ಹೆಸರು.

ಎರಡನೆಯದು ಶ್ರೀರಂಗಪಟ್ಟಣ. 1792ರ ಫೆಬ್ರುವರಿ 24ಕ್ಕೆ ಕಾರ್ನ್‌ವಾಲಿಸನ ಫಿರಂಗಿಗಳು ಮೌನವಾದವು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಸೆರೆಯಾಳುಗಳ ಬಿಡುಗಡೆ, ಅಲ್ಲಿಯವರೆಗೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳು. ಇವು ಷರತ್ತುಗಳು. 26ರಂದು ಆ ಇಬ್ಬರು ಎಳೆಯ ಹುಡುಗರು ಆನೆಯೇರಿ ಶತ್ರುವಿನ ಪಾಳೆಯಕ್ಕೆ ಹೋದರು. ಆಮೇಲೆ ಕೊಡಗು ಯಾರಿಗೆ ಎಂಬ ಪ್ರಶ್ನೆ ಎದ್ದು ಎಲ್ಲ ಮುರಿದುಬಿದ್ದು ಮತ್ತೆ ಯುದ್ಧ ಶುರುವಾಗುವ ಹಂತಕ್ಕೆ ಹೋಯಿತು. ಅಂತಿಮ ಒಪ್ಪಂದವಾದದ್ದು ಮಾರ್ಚ್ 18ಕ್ಕೆ. ಹುಡುಗರು ಮನೆಗೆ ಮರಳಿದ್ದು 1794ರಲ್ಲಿ. 1799ರ ಮೇ 4ರಂದು ಅದೇ ಊರಿನಲ್ಲಿ, ಅದೇ ಇಂಗ್ಲಿಷರ ಕೈಯಲ್ಲಿ ಟಿಪ್ಪು ಸತ್ತ. ಫೆಬ್ರುವರಿ 24ಕ್ಕೆ ಆದದ್ದು ಗುಂಡಿನ ನಿಲುಗಡೆ. ಮಾರ್ಚ್ 18ಕ್ಕೆ ಆದದ್ದು ಸಂಧಿ. ನಡುವಿನ ಮೂರು ವಾರ ವಾಯಿದೆ. ಏಳು ವರ್ಷದ ಆಚೆಗೆ ನೋಡಿದರೆ ಇವೆಲ್ಲ ಸೇರಿ ಬರೀ ಅಲ್ಪವಿರಾಮ. ಈ ನಾಲ್ಕನ್ನೂ ಒಂದೇ ಪದದಲ್ಲಿ ಹೇಳಿದರೆ ಮೈಸೂರಿನ ಇತಿಹಾಸವೇ ಅರ್ಥವಾಗುವುದಿಲ್ಲ.

ಇನ್ನೊಂದು ಬಗೆಯೂ ಇದೆ: ನಿಂತಲ್ಲೇ ಕಲ್ಲಾಗುವುದು. ಕಾಶ್ಮೀರದಲ್ಲಿ 1949ರ ಜನವರಿ 1ಕ್ಕೆ ಗುಂಡು ನಿಂತಿತು. ಸೈನ್ಯಗಳು ನಿಂತಿದ್ದ ಜಾಗವನ್ನು ಆ ವರ್ಷದ ಜುಲೈನಲ್ಲಿ ಕರಾಚಿಯಲ್ಲಿ ಕೂತು ನಕ್ಷೆಯ ಮೇಲೆ ಗೀಟು ಎಳೆದರು. 1971ರ ಯುದ್ಧವಾದ ಮೇಲೆ, 1972ರ ಸಿಮ್ಲಾ ಒಪ್ಪಂದದಿಂದ ಆ ಗೀಟು ಸ್ವಲ್ಪ ಅತ್ತಿತ್ತ ಸರಿದು ‘ನಿಯಂತ್ರಣ ರೇಖೆ’ ಎಂಬ ಹೆಸರು ಪಡೆಯಿತು. ತಾತ್ಕಾಲಿಕ ಎಂದು ಶುರುವಾದದ್ದು ಮೂರು ತಲೆಮಾರಿಗೆ ಗಡಿಯಾಯಿತು. ಕೊರಿಯಾದಲ್ಲಿ 1953ರ ಜುಲೈ 27ಕ್ಕೆ ಯುದ್ಧ ನಿಲ್ಲಿಸುವ ಕರಾರಿಗೆ ಸಹಿ ಬಿತ್ತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಹಾಗಾದರೆ ಕನ್ನಡದಲ್ಲಿ ಪದಗಳಿಲ್ಲವೇ? ಬೇಕಾದಷ್ಟಿವೆ. ನಮ್ಮ ಹಳೆಯ ಶಾಸನಗಳು ಸಾವನ್ನು ಬರೆಯುವಾಗ ಯಾವ ಬಗೆಯ ಹೋರಾಟ ಎಂದು ಬರೆಯುತ್ತಿದ್ದವು. ದನ ಹೊಡೆದುಕೊಂಡು ಹೋಗುವಾಗ ಸತ್ತರೆ ತುರುಗೋಳ್. ಊರು ಸುಟ್ಟಾಗ ಸತ್ತರೆ ಊರಳಿವು. ಹೆಣ್ಣುಮಕ್ಕಳ ಮೊರೆಗೆ ಓಗೊಟ್ಟು ಸತ್ತರೆ ಪೆಣ್ಬುಯ್ಯಲ್. ಊರ ಬಾಗಿಲಲ್ಲಿ ಕಲ್ಲಾಗಿ ನಿಂತಿರುವ ವೀರನಿಗೆ ಬರೀ ‘ಕದನದಲ್ಲಿ ಸತ್ತ’ ಎಂದರೆ ಸಾಲದು ಎಂಬ ಎಚ್ಚರ ಅದನ್ನು ಕಂಡರಿಸಿದವನಿಗಿತ್ತು. ರಾಜರ ಬಳಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿ ಇರುತ್ತಿದ್ದ. ಯಾವಾಗ ಕೂಡಬೇಕು, ಯಾವಾಗ ಕಾದಬೇಕು ಎಂಬುದನ್ನು ನೋಡುವುದೇ ಅವನ ಕೆಲಸ. ಇವತ್ತು ನನ್ನ ವಿದ್ಯಾರ್ಥಿಗಳಿಗೆ ಸಂಧಿ ಎಂದರೆ ಲೋಪ, ಆಗಮ, ಆದೇಶ. ವಿಗ್ರಹ ಎಂದರೆ ಸಮಾಸ ಬಿಡಿಸುವ ವಾಕ್ಯ ಇಲ್ಲವೇ ಗುಡಿಯ ಮೂರ್ತಿ.

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ನಮ್ಮ ಜಿಲ್ಲೆ ಆಗ ಮೈಸೂರಿನ ಭಾಗವೇ. ಆ ಗ್ರಂಥ ರಾಜನೊಬ್ಬ ಪಕ್ಕದ ರಾಜನ ಜತೆ ಇರಬಹುದಾದ ಆರು ಬಗೆಗಳನ್ನು ಹೇಳುತ್ತದೆ. ಅದರಲ್ಲಿ ಸಂಧಿ ಎಂದರೆ ಷರತ್ತು ಕಟ್ಟಿಕೊಂಡು ಮಾಡುವ ಒಪ್ಪಂದ. ವಿಗ್ರಹ ಎಂದರೆ ಕೇಡು ಮಾಡುವುದು. ಇವೆರಡೂ ಅಲ್ಲದ ‘ಆಸನ’ ಎಂಬ ಇನ್ನೊಂದಿದೆ: ಒಪ್ಪಂದವೂ ಇಲ್ಲ, ಹೊಡೆದಾಟವೂ ಇಲ್ಲ, ಸುಮ್ಮನೆ ಕೂತು ಕಾಯುವುದು. ದೊಡ್ಡವ್ವ ಹೇಳಿದ ‘ಉಸ್ರು ತಕ್ಕಳದು’ ಇದೇ. ಒತ್ತೆಯಾಳನ್ನು ಕೊಟ್ಟು ಮಾಡುವ ಸಂಧಿಯ ಬಗ್ಗೆ, ಒತ್ತೆಯಿಟ್ಟ ಮಗನನ್ನು ಬಿಡಿಸಿಕೊಳ್ಳುವ ಬಗ್ಗೆ ಕೂಡ ಅದರಲ್ಲಿ ಮಾತಿದೆ. ನಾವು ಕೌಟಿಲ್ಯನ ಹಾಗೆ ಯೋಚಿಸಬೇಕೆಂದಲ್ಲ. ಆತನ ರಾಜನೀತಿ ನನಗೆ ಒಪ್ಪಿಗೆಯೂ ಅಲ್ಲ. ಆದರೆ ಕೂಡಿದ್ದಕ್ಕೂ ಕಾಯುತ್ತಾ ಕೂತದ್ದಕ್ಕೂ ಎರಡು ಹೆಸರಿಡಬೇಕು ಎಂಬ ಬುದ್ಧಿ ಎರಡು ಸಾವಿರ ವರ್ಷದ ಹಿಂದಿನವರಿಗೆ ಇತ್ತು. ನಮಗೆ ಇಲ್ಲವಾಗಿದೆ.

ಗ್ರಂಥ ಬೇಡ ಎಂದರೆ ಊರಿಗೆ ಬನ್ನಿ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಗುದ್ದಲಿ ಎತ್ತಿಕೊಂಡಾಗ ನಾಲ್ಕು ಜನ ನಡುವೆ ನುಗ್ಗಿ ಎಳೆದು ನಿಲ್ಲಿಸುತ್ತಾರೆ. ಅದಕ್ಕೆ ಜಗಳ ಬಿಡಿಸುವುದು ಎನ್ನುತ್ತೇವೆ. ಯಜಮಾನರು ಬರಲಿ, ಹಬ್ಬ ಕಳೆಯಲಿ, ಅಲ್ಲಿಯವರೆಗೆ ಇಬ್ಬರೂ ಆ ಬದುವಿಗೆ ಕಾಲಿಡಬೇಡಿ ಎಂದರೆ ಅದು ವಾಯಿದೆ. ಇಬ್ಬರನ್ನೂ ಕೂರಿಸಿ, ಅಳತೆ ಮಾಡಿಸಿ, ಕಲ್ಲು ನೆಟ್ಟು, ಒಪ್ಪಿಸಿ ಕಳಿಸಿದರೆ ಅದು ರಾಜಿ. ಬಿಡಿಸಿದ್ದನ್ನೇ ರಾಜಿ ಎಂದು ಯಾರಾದರೂ ಹೇಳಿಕೊಂಡು ತಿರುಗಿದರೆ ಊರು ನಗುತ್ತದೆ. ರಾತ್ರಿ ಮತ್ತೆ ತಲೆ ಒಡೆದರೆ ‘ರಾಜಿ ಉಲ್ಲಂಘನೆ’ ಎಂದು ಯಾರೂ ಅನ್ನುವುದಿಲ್ಲ, ರಾಜಿಯೇ ಆಗಿರಲಿಲ್ಲವಲ್ಲ ಎನ್ನುತ್ತಾರೆ.

‘ಉಲ್ಲಂಘನೆ’ಯ ವಿಷಯ ಬಂತು. 2003ರ ನವೆಂಬರಿನಲ್ಲಿ ಭಾರತ, ಪಾಕಿಸ್ತಾನ ಗಡಿಯಲ್ಲಿ ಗುಂಡು ನಿಲ್ಲಿಸಲು ಒಪ್ಪಿದವು. 2020ನೇ ಒಂದೇ ವರ್ಷದಲ್ಲಿ 5,000ಕ್ಕೂ ಹೆಚ್ಚು ಉಲ್ಲಂಘನೆಗಳಾದವು ಎಂಬುದು ನಮ್ಮ ಸರ್ಕಾರವೇ ಕೊಟ್ಟ ಲೆಕ್ಕ. 2021ರ ಫೆಬ್ರುವರಿ 25ಕ್ಕೆ, ಹಳೆಯ ಒಪ್ಪಂದವನ್ನು ಇನ್ನು ಮುಂದೆ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ ಎಂದು ಎರಡೂ ಕಡೆಯವರು ಮತ್ತೆ ಹೇಳಬೇಕಾಯಿತು. ವರ್ಷಕ್ಕೆ ಐದು ಸಾವಿರ ಸಲ ಕುಡಿದವನು ‘ನಾನು ಕುಡಿತ ಬಿಟ್ಟಿದ್ದೇನೆ, ಅಷ್ಟು ಸಲ ಉಲ್ಲಂಘನೆಯಾಗಿದೆ’ ಎಂದರೆ ಹೆಂಡತಿ ಏನೆಂದಾಳು? ಗಡಿಯ ಹಳ್ಳಿಗಳಲ್ಲಿ ಆ ವರ್ಷಗಳಲ್ಲಿ ಶೆಲ್ಲು ಬಿದ್ದು ಸತ್ತವರು ನಮ್ಮ ಭಾಷೆಯ ಪ್ರಕಾರ ವಿರಾಮದ ಕಾಲದಲ್ಲಿ ಸತ್ತವರು.

ಗಾಜಾದಲ್ಲೂ ಇದೇ. 2025ರ ಜನವರಿ 19ಕ್ಕೆ ಜಾರಿಗೆ ಬಂದ ಒಪ್ಪಂದ ಮಾರ್ಚ್ 18ರ ನಸುಕಿನ ಬಾಂಬ್ ದಾಳಿಯಲ್ಲಿ ಮುರಿಯಿತು. ಆ ಒಂದೇ ದಿನ 400ಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಅಕ್ಟೋಬರ್ 10ಕ್ಕೆ ಮತ್ತೊಂದು ಜಾರಿಗೆ ಬಂತು. ಅದಾದ ಮೇಲೂ ಸಾವು ನಿಲ್ಲಲಿಲ್ಲ. ನಿಂತದ್ದು ಸುದ್ದಿ. ವಿರಾಮ ಎಂದು ಓದಿದ ಕೂಡಲೇ ನಾವು ಪುಟ ತಿರುಗಿಸಿದೆವು, ಸತ್ತವರು ಮುಖಪುಟದಿಂದ ಒಳಪುಟಕ್ಕೆ ಹೋದರು. ಈ ಪದ ಮಾಡುವ ದೊಡ್ಡ ಕೇಡು ಇದು. ಯುದ್ಧಕ್ಕೆ ಅಲ್ಪವಿರಾಮ ಇಟ್ಟರೆ ನಮ್ಮ ಗಮನಕ್ಕೆ ಪೂರ್ಣವಿರಾಮ ಬೀಳುತ್ತದೆ.

ಇದೆಲ್ಲ ದೂರದ ಮಾತು ಎನ್ನುವ ಚಾಮರಾಜನಗರದ ಗೆಳೆಯರಿಗೆ 2000ನೇ ಇಸವಿ ನೆನಪಿರಬೇಕು. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ನವೆಂಬರ್ 15ಕ್ಕೆ ಅವರು ಬಿಡುಗಡೆಯಾದರು. ನಡುವೆ 108 ದಿನ. ಆ ದಿನಗಳಲ್ಲಿ ಕಾಡಿನೊಳಗೆ ಹೋಗುತ್ತಿದ್ದವರು ಸಂಧಾನಕಾರರು. ಕಾರ್ಯಪಡೆಯ ಬೇಟೆ ನಿಂತಿತ್ತು. ಯಾರೂ ಅದನ್ನು ಕದನ ವಿರಾಮ ಎಂದ ನೆನಪು ನನಗಿಲ್ಲ. ಹತ್ತಿರದ ಹೆಸರೆಂದರೆ ಒತ್ತೆಯಿಟ್ಟುಕೊಂಡು ಕೇಳಿದ ವಾಯಿದೆ.

ಬೇಡಿಕೆಗಳಲ್ಲಿ ಒಂದು, ವೀರಪ್ಪನ್ ಜತೆ ನಂಟಿದೆ ಎಂದು ಟಾಡಾ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿದ್ದವರ ಬಿಡುಗಡೆ. ಸರ್ಕಾರ ಆ ಮೊಕದ್ದಮೆಗಳನ್ನು ಕೈಬಿಡಲು ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡದ ಹೊಂಚಿಗೆ ಎಸ್.ಪಿ. ಹರಿಕೃಷ್ಣ ಅವರ ಜತೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. ಇಡೀ ರಾಜ್ಯ ರಾಜ್‌ಕುಮಾರ್ ಮನೆಗೆ ಬರಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದಾಗ, ಈ ವಾಯಿದೆಯ ಬೆಲೆಯನ್ನು ನನ್ನ ಸತ್ತ ಮಗನ ಕೈಲಿ ಕೊಡಿಸಬೇಡಿ ಎಂಬಂತೆ ಆ ತಂದೆ ಒಬ್ಬರೇ ನಿಂತರು. ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿ ಹಿಡಿಯಿತು.

ಇನ್ನೊಂದು ಪಕ್ಕವೂ ಇತ್ತು. ಜೈಲಿನಲ್ಲಿದ್ದವರಲ್ಲಿ ಕಾಡಂಚಿನ ಬಡ ಹಳ್ಳಿಗರು ತುಂಬ ಜನ. ಜಾಮೀನಿಲ್ಲದೆ ವರ್ಷಗಟ್ಟಲೆ ಕೊಳೆತವರು. ಮರುವರ್ಷ ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಬಹುಪಾಲು ಜನ ಖುಲಾಸೆಯಾದರು. ಅಂದರೆ ಆ 108 ದಿನದ ನಿಲುಗಡೆಯಲ್ಲಿ ಮಗನನ್ನು ಕಳೆದುಕೊಂಡ ತಂದೆಯ ನ್ಯಾಯವೂ ಇತ್ತು, ತಪ್ಪಿಲ್ಲದೆ ಒಳಗಿದ್ದವರ ನ್ಯಾಯವೂ ಇತ್ತು. ಅವರಿಬ್ಬರಿಗೂ ಹೇಳದೆ ಕೇಳದೆ ನಡೆದ ಲೆಕ್ಕಾಚಾರವೂ ಇತ್ತು. ‘ವಿರಾಮ’ ಎಂಬ ಮೆತ್ತನೆಯ ಪದದೊಳಗೆ ಇವು ಯಾವುವೂ ಹಿಡಿಸುವುದಿಲ್ಲ.

ನನ್ನ ಈ ಮಾತಿಗೆ ಗೆಳೆಯರು ಹೇಳುವ ಮೂರು ಆಕ್ಷೇಪಗಳನ್ನು ನಾನು ಬಲ್ಲೆ.

ಒಂದು: ಪದ ರೂಢಿಗೆ ಬಂದಿದೆ, ಜನಕ್ಕೆ ಅರ್ಥವಾಗುತ್ತದೆ, ನಿಮ್ಮದು ಮೇಷ್ಟ್ರ ಕಿರಿಕಿರಿ. ರೂಢಿಗೆ ಬಂದಿರುವುದು ನಿಜ. ಅರ್ಥವಾಗುತ್ತದೆ ಎಂಬುದು ಸುಳ್ಳು. ಜಗಲಿಯ ಮೇಲಿನ ಮುದುಕಿಗೂ ಹತ್ತನೇ ತರಗತಿಯ ಹುಡುಗಿಗೂ ಅರ್ಥವಾಗಲಿಲ್ಲ. ಅವರಿಬ್ಬರೂ ದಡ್ಡರಲ್ಲ; ಕೇಳಬೇಕಾದ್ದನ್ನೇ ಕೇಳಿದರು.

ಎರಡು: ಇಂಗ್ಲಿಷಿನವರೂ ಹೀಗೆಯೇ ಬಳಸುತ್ತಾರಲ್ಲ? ಪೂರ್ತಿ ಹಾಗಲ್ಲ. ಸೀಸ್‌ಫೈರ್, ಟ್ರೂಸ್, ಆರ್ಮಿಸ್ಟಿಸ್, ಪಾಸ್ ಎಂದು ಅವರ ಬಳಿ ಬೇರೆ ಬೇರೆ ಪದಗಳಿವೆ. ಅವನ್ನು ಆಳುವವರು ಬೇಕೆಂದೇ ಅದಲು ಬದಲು ಮಾಡುತ್ತಾರೆ, ಆಗ ಅಲ್ಲಿನ ಓದುಗರು ಹಿಡಿದು ಕೇಳಬಹುದು. 2023ರ ನವೆಂಬರಿನಲ್ಲಿ ಗಾಜಾದ ಏಳು ದಿನಗಳನ್ನು ಕೆಲವರು ‘ಪಾಸ್’ ಎಂದೇ ಕರೆದದ್ದು, ‘ಸೀಸ್‌ಫೈರ್’ ಎನ್ನಲು ಒಪ್ಪದೆ ಹೋದದ್ದು, ಒಂದು ರಾಜಕೀಯ ತೀರ್ಮಾನ. ಕನ್ನಡಕ್ಕೆ ಬರುವ ಹೊತ್ತಿಗೆ ಎರಡೂ ‘ಕದನ ವಿರಾಮ’ವಾದವು. ಅವರು ಆಡಿದ ಆಟವನ್ನು ನಾವು ಅನುವಾದದಲ್ಲಿ ಮುಚ್ಚಿಟ್ಟೆವು.

ಮೂರು: ತಲೆಬರಹಕ್ಕೆ ಜಾಗ ಕಮ್ಮಿ. ಇದೊಂದು ನ್ಯಾಯವಾದ ಕಷ್ಟ. ಆದರೆ ‘ಗುಂಡು ನಿಲುಗಡೆ’ ಎಂಬುದು ‘ಕದನ ವಿರಾಮ’ಕ್ಕಿಂತ ಹೆಚ್ಚು ಜಾಗ ತಿನ್ನುವುದಿಲ್ಲ. ‘ನಾಲ್ಕು ದಿನ ದಾಳಿ ಸ್ಥಗಿತ’ ಎಂದರೆ ತುಸು ಹೆಚ್ಚು ತಿನ್ನುತ್ತದೆ, ಹತ್ತು ಪಟ್ಟು ಹೆಚ್ಚು ಹೇಳುತ್ತದೆ.

ನಾನು ಹೊಸ ಪದ ಟಂಕಿಸಿ ಕೊಡಲು ಹೊರಟಿಲ್ಲ. ಸಂಸ್ಕೃತದ ಪದ ತೆಗೆದು ಅಚ್ಚಗನ್ನಡ ಹಾಕಿ ಎಂದೂ ಹೇಳುತ್ತಿಲ್ಲ. ಇರುವ ಪದಗಳನ್ನು ಅವುಗಳ ಜಾಗದಲ್ಲಿ ಬಳಸಿ ಎನ್ನುತ್ತಿದ್ದೇನೆ. ಗುಂಡು ಮಾತ್ರ ನಿಂತಿದ್ದರೆ ಗುಂಡು ನಿಲುಗಡೆ ಅನ್ನಿ. ಒಬ್ಬರೇ ನಿಲ್ಲಿಸಿದ್ದರೆ ಏಕಪಕ್ಷೀಯ ಎಂದು ಬರೆಯಿರಿ. ದಿನ ಗೊತ್ತುಮಾಡಿಕೊಂಡು ನಿಲ್ಲಿಸಿದ್ದರೆ ಎಷ್ಟು ದಿನ ಎಂದು ಬರೆಯಿರಿ. ಯುದ್ಧ ಮುಗಿಸುವ ಕರಾರಾಗಿದ್ದರೆ ಮಾತ್ರ ಯುದ್ಧ ಮುಗಿಯಿತು ಎನ್ನಿ. ‘ಕದನ ವಿರಾಮ’ ಬಿಡಲು ಆಗದಿದ್ದರೆ ಬೇಡ, ಆದರೆ ಮೊದಲ ವಾಕ್ಯದಲ್ಲೇ ಯಾರು, ಎಲ್ಲಿ, ಎಷ್ಟು ದಿನ, ಯಾವ ಷರತ್ತಿಗೆ ಎಂಬುದು ಬರಲಿ. ಮುರಿದಾಗ ‘ಉಲ್ಲಂಘನೆಯಾಗಿದೆ’ ಎಂದು ಕರ್ತೃವಿಲ್ಲದ ವಾಕ್ಯ ಬರೆಯಬೇಡಿ. ಮುರಿದವರು ಯಾರು, ಸತ್ತವರು ಯಾರು ಎಂದು ಬರೆಯಿರಿ. ಗೊತ್ತಾಗದಿದ್ದರೆ ಗೊತ್ತಾಗಿಲ್ಲ ಎಂದು ಬರೆಯಿರಿ. ಸಾಹಿತ್ಯದ ವಿದ್ಯಾರ್ಥಿಗಳಾದ ನೀವು ನಾಳೆ ಪತ್ರಿಕೆಗೆ, ಅನುವಾದಕ್ಕೆ, ಪಾಠಕ್ಕೆ ಹೋಗುವವರು. ಈ ಕೆಲಸ ನಿಮ್ಮ ಮೇಜಿಗೆ ಬರುತ್ತದೆ.

ಇದೇನು ಭಾರಿ ಕಷ್ಟದ್ದೂ ಅಲ್ಲ. ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ತಲೆಬರಹ ಬಿಟ್ಟು ಒಳಗಿನಿಂದ ಓದಿ, ಮಿಸ್ರಿಯವರ ಹೇಳಿಕೆಯನ್ನು ಹುಡುಕಿ, ದೊಡ್ಡವ್ವನ ಜಗಲಿಗೆ ಹೋದೆ.

“ಉಸ್ರು ತಕ್ಕತಾವ್ರೆ ದೊಡ್ಡವ್ವ. ಹನ್ನೆರಡನೇ ತಾರೀಕು ಮತ್ತೆ ಮಾತಾಡ್ತಾರಂತೆ” ಎಂದೆ.

“ಹಂಗನ್ನು ಮತ್ತ” ಎಂದರು ದೊಡ್ಡವ್ವ. ಹನ್ನೆರಡಕ್ಕೆ ಎಷ್ಟು ದಿನ ಎಂದು ಬೆರಳು ಮಡಿಸಿ ಎಣಿಸಿಕೊಂಡು, ಎಲೆ ಅಡಿಕೆ ಚೀಲ ಹತ್ತಿರಕ್ಕೆ ಎಳೆದುಕೊಂಡರು.